ಭಾನುವಾರ ಸಂಜೆ ಹಳೇ ಮ್ಯಾಚ್: ಬರುವವರು ಹೆಸರು ಹಾಕಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ 1996ರ ಟೈಟನ್ ಕಪ್ ಮ್ಯಾಚ್ ಟಿವಿಯಲ್ಲಿ ಮರುಪ್ರಸಾರ ಇದೆ. ಕೆಳಗಿನ ಹಾಲ್‌ನಲ್ಲಿ ಒಟ್ಟಿಗೆ ನೋಡೋಣ.

ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ್ದು, ನೆನಪಿದೆ ಅಲ್ವಾ? ಗುರಿ 216. ಸಚಿನ್ 88ಕ್ಕೆ ಔಟಾದಾಗ 164ಕ್ಕೆ 8 ವಿಕೆಟ್ ಹೋಗಿತ್ತು. ನಮ್ಮಪ್ಪ ಟಿವಿ ಆರಿಸಿ ಮಲಗಿಬಿಟ್ಟರು. ಆಮೇಲೆ ನಮ್ಮ ಶ್ರೀನಾಥ್, ಕುಂಬ್ಳೆ ಸೇರಿ ಬೇಕಿದ್ದ 52 ರನ್ ಹೊಡೆದೇಬಿಟ್ಟರು! ಅಪ್ಪನಿಗೆ ಗೊತ್ತಾಗಿದ್ದು ಬೆಳಿಗ್ಗೆ ಪೇಪರ್ ನೋಡಿ.

ಕುರ್ಚಿ ಇರುವುದು 20 ಮಾತ್ರ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಕಾಫಿ ನಮ್ಮ ಮನೆಯಿಂದ. ಚುರುಮುರಿ ಯಾರಾದರೂ ವಹಿಸಿಕೊಳ್ಳಿ, ಈರುಳ್ಳಿ ಜಾಸ್ತಿ ಇರಲಿ. ಗೆದ್ದದ್ದು ಯಾರು ಅಂತ ಮಕ್ಕಳಿಗೆ ಮಾತ್ರ ಈಗಲೇ ಹೇಳಬೇಡಿ, ಪ್ಲೀಸ್.