ನಿನ್ನ ಖಾಲಿ ಶೋಕೇಸು ಮತ್ತು ಸೇಗಾದ ಕಥೆ

ಮಾರಾಯ,

ನಿನ್ನ ನಾಲ್ಕು ನಿಮಿಷದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಮೊದಲ ಸಲ ನಗು ಬಂತು, ಬೈಗುಳದಲ್ಲಿ ನೀನು ನಿನ್ನ ಅಪ್ಪನನ್ನೂ ಮೀರಿಸಿದ್ದೀಯ. ಎರಡನೇ ಸಲ ಕೇಳುವಾಗ ಹೊಟ್ಟೆ ಚುರುಕ್ ಅಂತು. ಹದಿನೈದು ವರ್ಷ ಒಂದೇ ಫೋನು ಕಂಪನಿಯ ಬೋರ್ಡನ್ನೇ ಅಂಗಡಿ ಮೇಲೆ ಹೊತ್ತವನಿಗೆ, ಅವರದೇ, ಹೊಸ ಫೋನು ಬಿಡುಗಡೆಯಾದ ಸುದ್ದಿ ಗಿರಾಕಿಯ ಬಾಯಿಂದ ಗೊತ್ತಾಗುವುದು ಅಂದರೆ ಏನು! ಅದೂ ಅವನ ಕೈಯಲ್ಲಿ ಆಗಲೇ ಫೋನು ಇತ್ತು ಅಂದೆಯಲ್ಲ. 'ಇನ್ನು ಅವರ ಮಾಲು ನನ್ನ ಶೋಕೇಸಿಗೆ ಬೇಡ' ಅಂತ ಎಲ್ಲ ತೆಗೆದು ಗೋಡೌನಿಗೆ ಹಾಕಿದೆ ಅಂದಾಗ ನನಗೆ ಥಟ್ಟನೆ ನೆನಪಾದದ್ದು ಅಮೆರಿಕದ ಕೆಬಿ ಟಾಯ್ಸ್ ಅನ್ನುವ ಆಟಿಕೆ ಅಂಗಡಿಗಳು. ಮೂವತ್ತು ವರ್ಷದ ಹಿಂದೆ ಅವರೂ ಹೀಗೇ ಮಾಡಿದ್ದರು. ಕಥೆ ಉದ್ದ ಇದೆ, ಫೋನಿನಲ್ಲಿ ಹೇಳಿದರೆ ನೀನು ನಡುವೆ ಗಿರಾಕಿ ಬಂದ ಅಂತ ಕಟ್ ಮಾಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮನೆ ಜಗಲಿಯಲ್ಲಿ ಕೂತು ಆಡುತ್ತಿದ್ದ ವಿಡಿಯೋ ಗೇಮ್ ನೆನಪಿದೆಯಾ? ಡಬ್ಬದ ಮೇಲೆ ಏನೋ ಒಂದು ಹೆಸರಿತ್ತು, ಒಳಗಿದ್ದದ್ದು ನಿಂಟೆಂಡೋದ ಫ್ಯಾಮಿಕಾಮ್‌ನ ನಕಲು. 9999 ಆಟ ಅಂತ ಬರೆದು, ಹತ್ತನ್ನೇ ತಿರುಗಿಸಿ ಮುರುಗಿಸಿ ತುಂಬಿದ್ದ ಹಳದಿ ಕ್ಯಾಸೆಟ್. ಓಡದಿದ್ದರೆ ಕೆಳಗಿನಿಂದ ಉಫ್ ಅಂತ ಊದುತ್ತಿದ್ದೆವು. ನಿಂಟೆಂಡೋ ಅನ್ನುವ ಕಂಪನಿ ಒಂದಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಆ ನಿಂಟೆಂಡೋದ ಕೊರಳಪಟ್ಟಿಗೆ ಕೈ ಹಾಕಿದ ಕಂಪನಿ ಸೇಗಾ. ಟಾಮ್ ಕಲಿನ್ಸ್ಕೆ ಅನ್ನುವವನು ಅಲ್ಲಿಯ ಮುಖ್ಯಸ್ಥನಾಗಿ ಬಂದು, ಜೆನೆಸಿಸ್ ಅನ್ನುವ ಅವರ ಯಂತ್ರದ ಬೆಲೆ ಇಳಿಸಿ, ಜೊತೆಗೆ ಸೇಗಾದ ಹೀರೋ ಸೋನಿಕ್‌ನ ಆಟವನ್ನು ಡಬ್ಬದಲ್ಲೇ ಇಟ್ಟು ಕೊಟ್ಟ. ಪೆಟ್ಟಿಗೆಯಲ್ಲಿ ಲಾಭ ಬೇಡ, ಕ್ಯಾಸೆಟ್ಟಿನಲ್ಲಿ ಬರುತ್ತೆ ಅನ್ನುವ ಲೆಕ್ಕ. ನೀನು ಫೋನಿಗೆ ಮಾರ್ಜಿನ್ ಬಿಟ್ಟು ಕವರು, ಚಾರ್ಜರಿನಲ್ಲಿ ದುಡಿಯುವ ಹಾಗೆ.

ಇನ್ನೊಂದು ಕಡೆ ನಿಂಟೆಂಡೋ ತನ್ನ ಶತ್ರುವನ್ನು ತಾನೇ ಸಾಕುತ್ತಿತ್ತು. ಅವರ ಸೂಪರ್ ನಿಂಟೆಂಡೋಗೆ ಸದ್ದಿನ ಚಿಪ್ ಮಾಡಿಕೊಟ್ಟವನು ಸೋನಿಯ ಕೆನ್ ಕುಟರಾಗಿ. ಅದೇ ಯಂತ್ರಕ್ಕೆ ಸಿಡಿ ಜೋಡಿಸುವ ಒಪ್ಪಂದವೂ ಸೋನಿ ಜೊತೆ ಆಗಿತ್ತು. 1991ರ ಜೂನ್‌ನಲ್ಲಿ ಶಿಕಾಗೋದ ಮೇಳದಲ್ಲಿ ಸೋನಿ 'ಪ್ಲೇ ಸ್ಟೇಷನ್' ಅಂತ ಘೋಷಿಸಿತು. ಮರುದಿನವೇ, ಅದೇ ಮೇಳದಲ್ಲಿ, ನಿಂಟೆಂಡೋ ತಾನು ಫಿಲಿಪ್ಸ್ ಜೊತೆ ಹೋಗುತ್ತೇನೆ ಅಂದಿತು! ಒಪ್ಪಂದದ ಪ್ರಕಾರ ಸಿಡಿ ಆಟಗಳ ಹಿಡಿತ ಸೋನಿ ಕೈಗೆ ಹೋಗುತ್ತದೆ ಅನ್ನುವುದು ನಿಂಟೆಂಡೋದ ಮುಖ್ಯಸ್ಥ ಯಮಾಉಚಿಗೆ ತಡವಾಗಿ ಹೊಳೆದಿತ್ತು. ಭಯ ನಿಜವಾದದ್ದೇ. ಆದರೆ ನಿಶ್ಚಿತಾರ್ಥ ಮುಗಿಸಿ ಮಂಟಪದಲ್ಲಿ ಬೇರೆಯವಳಿಗೆ ಹಾರ ಹಾಕಿದರೆ ಬೀಗರು ಸುಮ್ಮನಿರುತ್ತಾರಾ? ಸೋನಿ ಸ್ವಂತ ಯಂತ್ರಕ್ಕೆ ಇಳಿಯಿತು. 1994ರ ಡಿಸೆಂಬರ್ 3ಕ್ಕೆ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು.

ಸೇಗಾ ಎಡವಿದ್ದು ಇಲ್ಲಿಂದ. ಪ್ಲೇಸ್ಟೇಷನ್‌ಗಿಂತ ಕೆಲವೇ ದಿನ ಮೊದಲು, ನವೆಂಬರ್ 22ಕ್ಕೆ, ಸೇಗಾದ ಹೊಸ ಯಂತ್ರ ಸ್ಯಾಟರ್ನ್ ಜಪಾನಿನಲ್ಲಿ ಬಂದಿತ್ತು, ಅಲ್ಲಿ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಅದೇ ತಿಂಗಳು ಅಮೆರಿಕದಲ್ಲಿ ಏನು ಮಾಡಿದರು ಗೊತ್ತಾ? 32ಎಕ್ಸ್ ಅಂತ, ಹಳೆಯ ಜೆನೆಸಿಸ್ ತಲೆ ಮೇಲೆ ಕೂರಿಸುವ ಒಂದು ಅಣಬೆಯನ್ನು 159 ಡಾಲರಿಗೆ ಮಾರಿದರು. ಹೊಸ ಯಂತ್ರ ಮುಂದಿನ ವರ್ಷ ಬರಲಿದೆ ಅಂತ ಗೊತ್ತಿದ್ದೂ! ಕ್ರಿಸ್‌ಮಸ್‌ಗೆ ಅಪ್ಪ ಅಮ್ಮ ಕೊಡಿಸಿದರು, ಬೇಸಿಗೆ ಬರುವಷ್ಟರಲ್ಲಿ ಅದು ಹಳತು. ಒಟ್ಟು ನಲವತ್ತು ಆಟ ಬಂದವೋ ಏನೋ, ಅಷ್ಟಕ್ಕೆ ಮುಗಿಯಿತು. ಅಂಗಡಿಯವರ ಹತ್ತಿರ ಉಳಿದ ಡಬ್ಬಗಳನ್ನು ಕಣ್ಣ ಮುಂದೆ ತಂದುಕೋ, ನಿನಗೆ ನಾನು ವಿವರಿಸಬೇಕಾಗಿಲ್ಲ.

ಈಗ 1995ರ ಮೇ 11. ಲಾಸ್ ಏಂಜಲೀಸ್‌ನಲ್ಲಿ ಇ3 ಅನ್ನುವ ವಿಡಿಯೋ ಗೇಮ್ ಮೇಳದ ಮೊಟ್ಟಮೊದಲ ವರ್ಷ. ಸ್ಯಾಟರ್ನ್ ಅಮೆರಿಕಕ್ಕೆ ಸೆಪ್ಟೆಂಬರ್ 2, ಶನಿವಾರ ಬರುತ್ತದೆ ಅಂತ ಎಲ್ಲರಿಗೂ ಹೇಳಿಯಾಗಿತ್ತು. (ಸ್ಯಾಟರ್ನ್ ಅಂದರೆ ಶನಿ ತಾನೆ, ಅದಕ್ಕೆ ಶನಿವಾರ. ನಮ್ಮ ಕಡೆಯವರಾಗಿದ್ದರೆ ಹೆಸರು ಕೇಳಿದ ತಕ್ಷಣ ಜಾತಕ ತೋರಿಸುತ್ತಿದ್ದರು.) ಕಲಿನ್ಸ್ಕೆ ವೇದಿಕೆಗೆ ಬಂದು, ಬೆಲೆ 399 ಡಾಲರ್, ಮತ್ತು ಸೆಪ್ಟೆಂಬರ್‌ವರೆಗೆ ಕಾಯಬೇಕಿಲ್ಲ, ಯಂತ್ರ ಆಗಲೇ ಅಂಗಡಿಗಳಲ್ಲಿದೆ ಅಂದ. ಸೋನಿಗಿಂತ ಮೊದಲು ಹೋಗಬೇಕು ಅನ್ನುವ ಒತ್ತಡ ಬಂದದ್ದು ಜಪಾನಿನ ಮುಖ್ಯ ಕಚೇರಿಯಿಂದ, ಅವನಿಗೆ ಇದು ಬೇಡವಾಗಿತ್ತು ಅನ್ನುತ್ತಾರೆ. ಅದೇ ದಿನ ಸೋನಿಯ ಸರದಿ ಬಂದಾಗ ಸ್ಟೀವ್ ರೇಸ್ ಅನ್ನುವವನು ಮೈಕಿನ ಹತ್ತಿರ ಬಂದು '299' ಅಂದು ಕೆಳಗಿಳಿದು ಹೋದ. ಭಾಷಣ ಅಷ್ಟೇ. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಎಲ್ಲರೂ ಹೇಳುವುದು ಆ 299ರ ಕಥೆಯನ್ನೇ. ನನಗೆ ಅದು ಬರೀ ಪಟಾಕಿ. ನೂರು ಡಾಲರ್ ವ್ಯತ್ಯಾಸವನ್ನು ಬೆಲೆ ಇಳಿಸಿ ಸರಿ ಮಾಡಬಹುದಿತ್ತು. ಸರಿ ಮಾಡಲಾಗದ ಕೆಲಸ ಅಷ್ಟರಲ್ಲಾಗಲೇ ಆಗಿಹೋಗಿತ್ತು. ಗುಟ್ಟಾಗಿ ಸುಮಾರು 30,000 ಯಂತ್ರಗಳನ್ನು ನಾಲ್ಕೇ ನಾಲ್ಕು ಕಂಪನಿಗಳ ಅಂಗಡಿಗೆ ಕಳಿಸಿದ್ದರು, ಟಾಯ್ಸ್ ಆರ್ ಅಸ್ ಅದರಲ್ಲೊಂದು. ವಾಲ್‌ಮಾರ್ಟ್, ಬೆಸ್ಟ್ ಬೈ, ಕೆಬಿ ಟಾಯ್ಸ್‌ಗೆ ಸುದ್ದಿಯೇ ಇಲ್ಲ. ಕೆಬಿ ಟಾಯ್ಸ್ ಎಷ್ಟು ಸಿಟ್ಟಾಯಿತು ಅಂದರೆ ಸೇಗಾ ಮಾಲನ್ನು ಮಾರುವುದನ್ನೇ ಬಿಟ್ಟಿತು. ನಿನ್ನ ಗೋಡೌನಿನ ಥರ. ಇದು ಅಂಗಡಿಯವರ ಪಾಡಾಯಿತು. ಆಟ ಬರೆಯುವ ಹೊರಗಿನ ಕಂಪನಿಗಳು ಸೆಪ್ಟೆಂಬರ್ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದವು. ಆದ್ದರಿಂದ ಬಿಡುಗಡೆಯ ದಿನ ಇದ್ದದ್ದು ಆರೇ ಆಟ, ಆರೂ ಸೇಗಾದ್ದೇ. ಹೋಟೆಲ್ ಬಾಗಿಲು ತೆರೆದು, ಒಲೆ ಇನ್ನೂ ಹಚ್ಚಿಲ್ಲ, ನಾಲ್ಕು ತಿಂಗಳು ನೀರು ಕುಡೀತಾ ಕೂತಿರಿ ಅಂದ ಹಾಗೆ. ಸೆಪ್ಟೆಂಬರ್ 9ಕ್ಕೆ ಪ್ಲೇಸ್ಟೇಷನ್ ಬಂತು. ಅಷ್ಟೂ ತಿಂಗಳಲ್ಲಿ ಸ್ಯಾಟರ್ನ್ ಮಾರಿದ್ದಕ್ಕಿಂತ ಹೆಚ್ಚನ್ನು ಅದು ಎರಡೇ ದಿನದಲ್ಲಿ ಮಾರಿತು.

ಯಂತ್ರ ಕೆಟ್ಟದಿತ್ತು ಅಂತ ನಾನು ಒಪ್ಪುವುದಿಲ್ಲ. ಆದರೆ ಒಳಗೆ ಎರಡು ಹಿಟಾಚಿ ಪ್ರೊಸೆಸರ್, ಚಿತ್ರಕ್ಕೆ ಮತ್ತೆರಡು ಚಿಪ್. ಎರಡು ಎತ್ತು ಕಟ್ಟಿದರೆ ಸಾಲದು, ಒಟ್ಟಿಗೆ ಹೆಜ್ಜೆ ಹಾಕಿಸುವುದು ಗೊತ್ತಿರಬೇಕಲ್ಲ. ಬೇರೆಯವರೆಲ್ಲ ಮೂರು ಆಯಾಮದ ಗೊಂಬೆಗಳನ್ನು ತ್ರಿಕೋನಗಳಿಂದ ಕಟ್ಟುವಾಗ ಇದು ನಾಲ್ಕು ಮೂಲೆಯ ಆಕಾರಗಳನ್ನು ಕೇಳುತ್ತಿತ್ತು. ಸೋನಿ ಯಂತ್ರಕ್ಕೆ ಬರೆಯುವುದು ಸಲೀಸು. ಬರೆಯುವವರು ಅಲ್ಲಿಗೆ ಹೋದರು. ನಿಂಟೆಂಡೋ 1996ರ ಯಂತ್ರದಲ್ಲೂ ಕ್ಯಾಸೆಟ್ಟನ್ನೇ ಹಿಡಿದು ಕೂತದ್ದರಿಂದ ಅವರಿಗೆ ಆಟ ಬರೆಯುತ್ತಿದ್ದ ಹಳೆಯ ಬಂಟರಾದ ಸ್ಕ್ವೇರ್ ಕಂಪನಿಯವರೂ ಫೈನಲ್ ಫ್ಯಾಂಟಸಿ 7 ಎತ್ತಿಕೊಂಡು ಸೋನಿ ಮನೆ ಸೇರಿದರು. ಆ ಒಂದು ಆಟಕ್ಕೆ ಮೂರು ಸಿಡಿ ಬೇಕಾಯಿತು. ಕೊನೆಗೆ ಪ್ಲೇಸ್ಟೇಷನ್ 10 ಕೋಟಿ ದಾಟಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಆಮೇಲಿನದಕ್ಕೆ. ಸೇಗಾ ಪಾಠ ಕಲಿತು ಡ್ರೀಮ್‌ಕಾಸ್ಟ್ ಮಾಡಿತು. ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ಕ್ಕೆ, ಬರೀ 199 ಡಾಲರ್, ಮೋಡೆಮ್ ಒಳಗೇ, ಹೇಳಿದ ದಿನಕ್ಕೆ ಹೇಳಿದ ಹಾಗೆ. ಮೊದಲ 24 ಗಂಟೆಯಲ್ಲಿ 9.8 ಕೋಟಿ ಡಾಲರ್ ವ್ಯಾಪಾರ. ಒಂದನ್ನೂ ತಪ್ಪು ಅನ್ನುವ ಹಾಗಿಲ್ಲ ಮಾರಾಯ, ಡಿವಿಡಿ ಇರಲಿಲ್ಲ ಅನ್ನುವುದೊಂದು ಬಿಟ್ಟರೆ. ಆದರೂ ಜನ ಪ್ಲೇಸ್ಟೇಷನ್ 2 ಬರಲಿ ಅಂತ ಕಾದರು. ಆಟ ಮಾಡುವ ದೊಡ್ಡ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಈ ಯಂತ್ರಕ್ಕೆ ಒಂದೂ ಆಟ ಕೊಡಲಿಲ್ಲ. 32ಎಕ್ಸ್ ಕೊಂಡವನು, ಸ್ಯಾಟರ್ನ್ ಕೊಂಡವನು, ಮೂರನೇ ಸಲ ಅದೇ ಅಂಗಡಿ ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಜೇಬನ್ನು ಒತ್ತಿಕೊಳ್ಳುತ್ತದೆ. 2001ರ ಜನವರಿ 31ಕ್ಕೆ, ಇನ್ನು ಯಂತ್ರ ಮಾಡುವುದಿಲ್ಲ ಅಂತ ಸೇಗಾ ಘೋಷಿಸಿತು. ಅಧ್ಯಕ್ಷ ಇಸಾವೋ ಓಕಾವಾ ಸಾಯುವ ಹಂತದಲ್ಲಿ ತನ್ನ ಸುಮಾರು 69.5 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕಂಪನಿಗೆ ಬರೆದುಕೊಟ್ಟ, ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಗೆ ಸೋನಿಕ್ ನಿಂಟೆಂಡೋ ಯಂತ್ರದಲ್ಲಿ ಓಡುತ್ತಿದ್ದ.

ಗೆದ್ದವರೇನು ಕಡಿಮೆ ಎಡವಲಿಲ್ಲ. ಸೋನಿ 2006ರಲ್ಲಿ ಪ್ಲೇಸ್ಟೇಷನ್ 3 ಅನ್ನು 599 ಡಾಲರಿಗೆ ಇಟ್ಟು ಕೈ ಸುಟ್ಟುಕೊಂಡಿತು. ನಿನಗೆ ಇಷ್ಟವಾಗುವುದು ಮಾತ್ರ 2013ರದ್ದು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆ ಇಂಟರ್ನೆಟ್ ಕಾಣಲೇಬೇಕು, ಹಳೆಯ ಡಿಸ್ಕನ್ನು ಮನಸ್ಸಿಗೆ ಬಂದ ಹಾಗೆ ಕೈ ಬದಲಿಸುವಂತಿಲ್ಲ ಅಂತ ನಿಯಮ ತಂದಿತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಒಂದು ಡಿಸ್ಕ್ ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಸೇರಿಸಿ ಇನ್ನೊಂದು ತರುತ್ತಿದ್ದ ನನ್ನಂಥವನಿಗೆ ಆ ಸುದ್ದಿ ಓದಿ ಕೈಕಾಲೇ ಆಡಲಿಲ್ಲ. ಆಗ ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು. ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಅಂತ ಅದರ ವಿಷಯ. ಒಬ್ಬ ಡಿಸ್ಕಿನ ಡಬ್ಬ ಚಾಚುತ್ತಾನೆ, ಇನ್ನೊಬ್ಬ ತಗೊಂಡು ಥ್ಯಾಂಕ್ಸ್ ಅನ್ನುತ್ತಾನೆ. ಅರ್ಧ ನಿಮಿಷವೂ ಇಲ್ಲ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ನಿಯಮ ವಾಪಸ್ ತಗೊಂಡಿತು.

ಇಷ್ಟೆಲ್ಲ ಬರೆದರೂ ನಿನ್ನ ಡಿಸ್ಟ್ರಿಬ್ಯೂಟರ್ ಜೊತೆ ಮಾತಾಡು, ಮಾತಾಡಬೇಡ ಅಂತ ನಾನು ಹೇಳಲ್ಲ. ಕೆಬಿ ಟಾಯ್ಸ್‌ಗೆ ಮಾರಲು ನಿಂಟೆಂಡೋ ಇತ್ತು, ಸೋನಿ ಇತ್ತು, ಬಾರ್ಬಿ ಗೊಂಬೆ ಇತ್ತು. ನಿನ್ನ ಶೋಕೇಸಿನಲ್ಲಿ ಅರ್ಧ ಜಾಗ ಖಾಲಿ ಅಂತ ನೀನೇ ಅಂದೆ. ಅಲ್ಲಿಗೆ ಏನು ತುಂಬುತ್ತೀಯ ಅನ್ನುವುದನ್ನು ಮೊದಲು ಹೇಳು.

ದೀಪಾವಳಿಗೆ ಬರುತ್ತೇನೆ. ಅಟ್ಟದಲ್ಲಿ ಆ ಹಳದಿ ಕ್ಯಾಸೆಟ್ ಇದ್ದರೆ ಹುಡುಕಿಡು. ಊದುವ ಕೆಲಸ ನನ್ನದು.

ನಿನ್ನವ