ಸೆಲ್ಫ್ ಬದಲಿಸುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ಮಾತಿಗೆ ಮಾತು ಬೆಳೆದು ನೀನು ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಅದೇ ಜಗಳ ಮುಂದುವರಿದೀತೆಂದು ಕಾಗದ ಹಿಡಿದು ಕುಳಿತಿದ್ದೇನೆ. ಅಣ್ಣ ಭಾನುವಾರ ಊರಿಗೆ ಬರುತ್ತಾನೆ. ಈ ಪತ್ರವನ್ನೂ ನನ್ನ ಮಲ್ಟಿಮೀಟರನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನು ದನಿ ಏರಿಸಿದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಬೆಳಗ್ಗೆ ಪಿಕಪ್ ಸ್ಟಾರ್ಟ್ ಆಗದಿದ್ದರೆ ತೋಟದ ಇಳಿಜಾರಿನಲ್ಲಿ ಉರುಳಿಸಿ ಸೆಕೆಂಡ್ ಗೇರಿಗೆ ಹಾಕುತ್ತೇನೆ ಎಂದೆಯಲ್ಲ, ಅದು ಕಿವಿಗೆ ಬಿದ್ದ ಮೇಲೆ ನೀನು ಹೇಳಿದ ಬೇರೆ ಯಾವುದೂ ನನಗೆ ಕೇಳಿಸಲಿಲ್ಲ. ಬೇಸರವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಉರುಳಿಸುವುದು ಬೇಡ. ಎಂಜಿನ್ ಓಡದಿದ್ದಾಗ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಓಡುವುದಿಲ್ಲ, ಸ್ಟೀರಿಂಗಿನ ಪಂಪೂ ಓಡುವುದಿಲ್ಲ. ಹಳೆಯ ಗಾಡಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಉಳಿದ ವ್ಯಾಕ್ಯೂಮೂ ಸೋರಿಹೋಗಿರುತ್ತದೆ. ನೀನಿನ್ನೂ ಹುಟ್ಟಿರಲಿಲ್ಲ, ಕೊಟ್ಟಿಗೆಹಾರದ ಹತ್ತಿರ ಒಂದು ಲೋಡ್ ಗಾಡಿಯನ್ನು ಹುಡುಗರು ಹೀಗೆಯೇ ತಳ್ಳಿಕೊಟ್ಟರು. ಡ್ರೈವರ್ ಪಳಗಿದವನು, ಘಾಟಿಯ ತಿರುವುಗಳೆಲ್ಲ ಅವನಿಗೆ ಗೊತ್ತು. ಎಂಜಿನ್ ಹಿಡಿಯಲಿಲ್ಲ, ತಿರುವು ಬಂತು, ಸ್ಟೀರಿಂಗ್ ತಿರುಗಲಿಲ್ಲ. ಗಾಡಿ ದರೆಗೆ ಹೊಡೆದು ನಿಂತಿತು. ನಾನು ಓಡಿಹೋಗಿ ಬಾಗಿಲು ಎಳೆದಾಗ ಆತ ಎರಡೂ ಕಾಲುಗಳನ್ನು ಬ್ರೇಕಿನ ಮೇಲೆ ಊರಿಕೊಂಡೇ ಕುಳಿತಿದ್ದ. ಒಂದು ರಬ್ಬರ್ ಚಪ್ಪಲಿ ಪೆಡಲ್ಲಿನ ಕೆಳಗೆ ಮಡಚಿಕೊಂಡಿತ್ತು. ಬದುಕಿದ, ಆದರೆ ಆ ಕಾಲು ಮೊದಲಿನಂತಾಗಲಿಲ್ಲ. ನಮ್ಮ ಇಳಿಜಾರು ಅಷ್ಟು ಕಡಿದಲ್ಲ ಎನ್ನುತ್ತೀಯ. ಅದರ ಕೊನೆಗೆ ಕೆರೆಯ ಏರಿ ಇದೆ, ಪುಟ್ಟಿ.

ಈಗ ಗಾಡಿಯ ವಿಷಯ. ಗ್ಯಾರೇಜಿನವರು ಸೆಲ್ಫ್, ಅಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನು ತಿರುಗಿಸುವ ಮೋಟರ್, ಬದಲಿಸಬೇಕು ಎಂದಿದ್ದಾರೆ. ಇರಬಹುದು. ಆದರೆ ಅದಕ್ಕೆ ಮೊದಲು ಕಿಟಕಿಯ ಗಾಜು ಇಳಿಸಿ, ಕೀ ತಿರುಗಿಸಿ, ಸದ್ದು ಕೇಳು. ಎಂಜಿನ್ ನರಳುತ್ತಾ ನಿಧಾನವಾಗಿ ತಿರುಗುತ್ತದೆಯೇ, ಇಲ್ಲವೇ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳುವುದಿಲ್ಲವೇ? ಎರಡೂ ಬೇರೆ ಬೇರೆ ಕಾಯಿಲೆ. ಎರಡನೆಯದಕ್ಕೆ ಹೊಸ ಸೆಲ್ಫ್ ಹಾಕಿದರೆ ಹಣ ಹೋಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ನಿಧಾನವಾಗಿ ತಿರುಗಿದರೆ ಆ ಬಿಸಿ ಹುಟ್ಟುವುದಿಲ್ಲ. ಡಿಸೆಂಬರಿನ ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಮಧ್ಯಾಹ್ನ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದು ಬೆಳಗ್ಗೆ ಹಟ ಹಿಡಿಯುವುದು ಇದರಿಂದಲೇ.

ನರಳುತ್ತಿದ್ದರೆ ಬ್ಯಾಟರಿಯಿಂದ ಶುರು ಮಾಡು. ಬೆಳಗ್ಗೆ ಕೀ ಮುಟ್ಟುವ ಮೊದಲು ಮೀಟರ್ ಹಿಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಆಳು ಕೀ ತಿರುಗಿಸುವಾಗ ನೀನು ಅಳೆ. 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯ ಮೇಲೆಯೇ ಅನುಮಾನ ಪಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಇರಲಿ, ದುಪಟ್ಟಾ ಫ್ಯಾನಿನ ಹತ್ತಿರ ಸುಳಿಯದಿರಲಿ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಬಾರದಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿಯೂ ನಾಲ್ಕು ದಿನಕ್ಕೆ ಸಾಯುತ್ತದೆ.

ನನ್ನ ಸಂಶಯವೆಲ್ಲ ಅರ್ತ್ ಕೇಬಲ್ಲಿನ ಮೇಲೆ. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೂ ಛಾಸಿಗೂ ಹೋಗುವ ದಪ್ಪ ಕಪ್ಪು ವಯರ್ ಅದು. ಬೋಲ್ಟಿನ ಹತ್ತಿರ ಅದರ ರಬ್ಬರನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡು. ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದರೆ ಹೊರಗಿನಿಂದ ಕೇಬಲ್ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಸತ್ತಿದೆ. ಸೆಲ್ಫ್ ಹೊಡೆದ ಕೂಡಲೇ ಅದರ ತುದಿ ಮುಟ್ಟು, ಬಿಸಿಯಾಗಿದ್ದರೆ ಎಂಜಿನ್ನಿಗೆ ಹೋಗಬೇಕಾದ ಬಲ ಅಲ್ಲಿಯೇ ಸುಟ್ಟುಹೋಗುತ್ತಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿದರೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ. ಇಷ್ಟೆಲ್ಲ ಸರಿಯಿದ್ದೂ ನರಳಿದರೆ ಸೆಲ್ಫ್ ಬಿಚ್ಚಿಸು. ಆಗಲೂ ಬುಷ್, ಕಾರ್ಬನ್ ಬ್ರಷ್ ಸವೆದಿವೆಯೇ ಎಂದು ನಿನ್ನೆದುರೇ ನೋಡಲಿ. ಅಷ್ಟನ್ನೇ ಬದಲಿಸಲು ಬರುತ್ತದೆ.

ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಸೈಲೆನ್ಸರ್ ನೋಡು. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್‌ಗಳನ್ನು ನೋಡಿಸು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ರಾತ್ರಿ ಎಲ್ಲೋ ಏರ್ ಹಿಡಿದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರಬಹುದು. ಫಿಲ್ಟರಿನ ಹತ್ತಿರದ ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಆಮೇಲೆ ಸ್ಟಾರ್ಟ್ ಮಾಡು. ತಕ್ಷಣ ಹಿಡಿದರೆ ಪೈಪ್, ಕ್ಲಿಪ್, ವಾಷರ್‌ಗಳಲ್ಲಿ ಹುಡುಕಿಸು. ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಯಾರು ಹೇಳಿದರೂ ಹೊಡೆಯಬೇಡ, ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಅದು ಸಿಡಿಯಬಹುದು. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡ, ನಡುವೆ ಒಂದು ನಿಮಿಷ ಬಿಡು.

ಪಾಠ ಉದ್ದವಾಯಿತು. ನಿನಗೆ ಗೊತ್ತಿಲ್ಲವೆಂದು ಹೇಳುತ್ತಿಲ್ಲ. ಉಜಿರೆಯ ಅಂಗಡಿಯವರು ಮೊನ್ನೆ ಫೋನ್ ಮಾಡಿ, ನಿಮ್ಮ ಮಗಳ ಬೀನ್ಸ್ ಬಂದ ಮೇಲೆಯೇ ನಾವು ಬೇರೆಯವರದ್ದು ತೂಗುವುದು ಎಂದರು. ಆ ಮಾತನ್ನು ನಿನ್ನ ಅಮ್ಮನಿಗೆ ಹೇಳಿದೆ, ಸಂಜೆ ಪಕ್ಕದ ಮನೆಯವರಿಗೂ ಹೇಳಿದೆ. ಚಾರ್ಮಾಡಿ ಘಾಟಿಯನ್ನು ಮಂಜಿನಲ್ಲಿ ಇಳಿಯುವ ಮಗಳು ನನಗಿದ್ದಾಳೆ ಎಂಬ ಹೆಮ್ಮೆ, ಅದೇ ಘಾಟಿಯ ಭಯ, ಎರಡೂ ಒಟ್ಟೊಟ್ಟಿಗೆ ಬರುತ್ತವೆ. ಮಂಡಿ ಆಪರೇಷನ್ ಆಗಿ ಮೈಸೂರಿನಲ್ಲಿ ಕುಳಿತಿರುವವನಿಗೆ ಬೇರೆ ಕೆಲಸವೂ ಇಲ್ಲ. ಆ ಪೆಡಲ್ಲಿನ ಕೆಳಗಿನ ಚಪ್ಪಲಿ ನಿನ್ನೆ ರಾತ್ರಿಯಿಡೀ ಕಣ್ಣಿಗೆ ಕಟ್ಟಿತ್ತು. ಅಂದು ಗಾಡಿ ತಳ್ಳಿದ ಹುಡುಗರು ದರೆಯ ಹತ್ತಿರ ಬರಲೂ ಹೆದರಿ ಮೇಲೆಯೇ ನಿಂತಿದ್ದರು. ಅವರಿಗೆ ನಿನಗಿಂತ ಕಡಿಮೆ ವಯಸ್ಸು.

ಬೆಳಗಿನ ವೋಲ್ಟ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಹೊಗೆಯ ಬಣ್ಣ, ಈ ಮೂರನ್ನು ಬರೆದು ಕಳಿಸು. ಆಮೇಲೆ ಸೆಲ್ಫ್ ಬದಲಿಸುವುದೋ ಬಿಡುವುದೋ ನೀನೇ ತೀರ್ಮಾನಿಸು, ನಾನು ಬಾಯಿ ಹಾಕುವುದಿಲ್ಲ. ಅಲ್ಲಿಯವರೆಗೆ ಗಾಡಿಯನ್ನು ಅಂಗಳದ ಸಮತಟ್ಟಿನಲ್ಲೇ ನಿಲ್ಲಿಸು. ಬೀನ್ಸ್ ಒಂದು ದಿನ ತಡವಾಗಿ ನಷ್ಟವಾದರೆ ನಾನು ತುಂಬಿಕೊಡುತ್ತೇನೆ. ಹೀಗೆ ಬರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು, ಆದರೂ ಬರೆದಿದ್ದೇನೆ.

ಇಂತಿ ನಿನ್ನ,
ಅಪ್ಪ