ಬಾವುಟ ಮಡಚಲು ಕಲಿಸಿದ ಹಿರಿಯರಿಗೆ

ಸ್ವಾತಂತ್ರ್ಯೋತ್ಸವದ ಸಂಜೆ ನಮ್ಮ ಬಡಾವಣೆಯಲ್ಲಿ ಧ್ವಜ ಇಳಿಸುವ ಹೊತ್ತಿಗೆ ನೆರವಾಗಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಅಶೋಕ ಚಕ್ರ ಮೇಲೆ ಕಾಣುವಂತೆ ಎರಡು ಬದಿಗಳನ್ನೂ ಒಳಕ್ಕೆ ತಂದು, ಅಂಗೈಗಳ ಮೇಲಿಟ್ಟು ಒಯ್ಯಬೇಕೆಂದು ಅವರು ಮಕ್ಕಳಿಗೆ ತೋರಿಸಿಕೊಟ್ಟ ಬಗೆ, ಸೇವಾದಳದ ಶಿಸ್ತನ್ನು ಮೈಗೂಡಿಸಿಕೊಂಡಿದ್ದ ನಮ್ಮ ಕಾಲದ ಮೇಷ್ಟರನ್ನು ನೆನಪಿಗೆ ತಂದಿತು. ಆಗ ಜಾತಿ, ಪಕ್ಷಗಳ ಮಾತು ಧ್ವಜಕಂಬದ ಹತ್ತಿರ ಸುಳಿಯುತ್ತಿರಲಿಲ್ಲ; ಕನಿಷ್ಠ ನಮ್ಮೂರಿನಲ್ಲಂತೂ ಹಾಗೇ ಇತ್ತು.

ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿದವರು ಬಂಧನಕ್ಕೊಳಗಾದದ್ದನ್ನೂ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಜನ ಗುಂಡಿಗೆ ಬಲಿಯಾದದ್ದನ್ನೂ ಅವರು ಮಕ್ಕಳಿಗೆ ಸರಳವಾಗಿ ವಿವರಿಸಿದರು. (ಅಂದಿನ ಬಾವುಟದಲ್ಲಿದ್ದದ್ದು ಚಕ್ರವಲ್ಲ, ಚರಕ ಎಂಬುದನ್ನು ನೆನಪಿಸಿದವರೂ ಅವರೇ.) ಧ್ವಜಸಂಹಿತೆಗೆ 2021ರಲ್ಲಿ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ದೊರೆತ ಮೇಲೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಬಗ್ಗೆ ಅವರಿಗಿರುವ ಕಳವಳ ನನ್ನದೂ ಹೌದು.

ಜನವರಿ 26ರಂದು ಅವರು ಮತ್ತೆ ಬರುವುದಾದರೆ, ಹೂವಿಟ್ಟು ಹಗ್ಗಕ್ಕೆ ಗಂಟು ಹಾಕುವುದನ್ನೂ ಕಲಿಸಿಕೊಡಬೇಕೆಂದು ಮಕ್ಕಳು ಕೇಳಿಕೊಂಡಿದ್ದಾರೆ.